ಬಿ.ಫಾರ್ಮ್ ಮುಗಿಸಿ ಮೆಡಿಕಲ್ ಶಾಪಿನ ಕೌಂಟರಿಗೆ ಬಂದಿದ್ದೇನೆ: ಓದಿಗೂ ಕೆಲಸಕ್ಕೂ ನಡುವಿನ ಅಂತರವನ್ನು ನೀವೆಲ್ಲ ಹೇಗೆ ದಾಟಿದಿರಿ?

ಪ್ರಶ್ನೆ — ಹೊಸ ಫಾರ್ಮಸಿಸ್ಟ್, ಹಾಸನ ಜಿಲ್ಲೆ

ಹಿರಿಯರಿಗೆಲ್ಲ ನಮಸ್ಕಾರ. ನಾನು ಕಳೆದ ವರ್ಷ ಬಿ.ಫಾರ್ಮ್ ಮುಗಿಸಿದೆ. ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡು, ನಾಲ್ಕು ತಿಂಗಳಿಂದ ನಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿಗಿರುವ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನೋಂದಣಿ ಪತ್ರ ಕೈಗೆ ಬಂದ ದಿನ ನಮ್ಮ ತಂದೆಯವರು ಪೇಟೆಗೆ ಹೋಗಿ ಅದಕ್ಕೆ ಕಟ್ಟು ಹಾಕಿಸಿಕೊಂಡು ಬಂದರು. ಅದು ಈಗ ಅಂಗಡಿಯ ಗೋಡೆಯ ಮೇಲೆ ಡ್ರಗ್ ಲೈಸೆನ್ಸಿನ ಪಕ್ಕದಲ್ಲಿದೆ. ಅದರ ಕೆಳಗೆ ನಿಂತು ಔಷಧ ಕೊಡುವಾಗ, ಆ ಪತ್ರಕ್ಕೆ ತಕ್ಕ ಕೆಲಸ ನನ್ನಿಂದ ಆಗುತ್ತಿದೆಯೇ ಎಂಬ ಪ್ರಶ್ನೆ ದಿನವೂ ಕಾಡುತ್ತಿದೆ.

ಒಂದು ಘಟನೆಯನ್ನು ಹೇಳಿದರೆ ನನ್ನ ತೊಂದರೆ ಏನೆಂಬುದು ನಿಮಗೆ ತಿಳಿಯುತ್ತದೆ. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಲ್ಲಿ ಒಬ್ಬ ಅಜ್ಜಿ ಬಂದು, ಖಾಲಿಯಾದ ಡಬ್ಬಿಯೊಂದನ್ನು ಕೌಂಟರಿನ ಮೇಲಿಟ್ಟು, "ಈ ಗುಳಿಗೆ ಒಂದು ಡಬ್ಬಿ ಪೂರ್ತಿ ನುಂಗಿದೆ ಕಣಪ್ಪ, ಉಬ್ಬಸ ಎಳ್ಳಷ್ಟೂ ಇಳಿಯಲಿಲ್ಲ" ಎಂದರು. ಅದು ಗುಳಿಗೆಯ ಡಬ್ಬಿಯಾಗಿರಲಿಲ್ಲ. ರೋಟಾಹೇಲರ್ ಎಂಬ ಸಾಧನದೊಳಗೆ ಹಾಕಿ, ಪುಡಿಯನ್ನು ಉಸಿರಿನ ಜೊತೆ ಒಳಗೆಳೆದುಕೊಳ್ಳಬೇಕಾದ 30 ಕ್ಯಾಪ್ಸೂಲುಗಳ ಡಬ್ಬಿ ಅದಾಗಿತ್ತು. ಮೂವತ್ತನ್ನೂ ಅವರು ನೀರು ಕುಡಿದು ನುಂಗಿದ್ದರು. ಬಿಲ್ಲು ತೆಗೆದು ನೋಡಿದರೆ, ಹಿಂದಿನ ತಿಂಗಳು ಆ ಡಬ್ಬಿಯನ್ನು ಅವರ ಕೈಗೆ ಕೊಟ್ಟವನು ನಾನೇ. ಸಾಧನ ಮನೆಯಲ್ಲಿದೆಯೇ ಎಂದು ಆ ದಿನ ನಾನು ಕೇಳಿರಲಿಲ್ಲ. ಶ್ವಾಸನಾಳದ ಬೀಟಾ-2 ಗ್ರಾಹಕದ ಮೇಲೆ ಉಬ್ಬಸದ ಔಷಧವಾದ ಸಾಲ್ಬುಟಮಾಲ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾಲ್ಕು ಪುಟ ಬರೆದು ಒಳ್ಳೆಯ ಅಂಕ ತೆಗೆದಿದ್ದ ನನಗೆ, ಆ ಸಾಧನವನ್ನು ಬಿಚ್ಚಿ ತೋರಿಸಲು ಅಂದು ಸರಿಯಾಗಿ ಬರಲಿಲ್ಲ. ಪೆಟ್ಟಿಗೆಯೊಳಗಿನ ಚೀಟಿಯನ್ನು ಓದಿಕೊಂಡು ಅಜ್ಜಿಯ ಮುಂದೆಯೇ ಕಲಿತೆ.

ಇದಲ್ಲದೆ ಇನ್ನೂ ಎರಡು ವಿಷಯಗಳಿವೆ. ನಮ್ಮ ಅಂಗಡಿಯಲ್ಲಿ ಹದಿನೈದು ವರ್ಷದಿಂದ ಇರುವ ಸಹಾಯಕರೊಬ್ಬರು ಯಾವ ವೈದ್ಯರ ಕೈಬರಹವನ್ನಾದರೂ ಕ್ಷಣದಲ್ಲಿ ಓದುತ್ತಾರೆ. ನಾನು ಅನುಮಾನಪಟ್ಟು ನಿಂತರೆ, ಗಿರಾಕಿಗಳು ನನ್ನನ್ನು ಬಿಟ್ಟು ಅವರ ಕಡೆಗೆ ಚೀಟಿ ಚಾಚುತ್ತಾರೆ. ಎರಡನೆಯದು ಹೇಳಲು ಸಂಕೋಚವಾಗುತ್ತದೆ. ಪಕ್ಕದ ಊರಿನಲ್ಲಿ ಹೊಸ ಅಂಗಡಿ ತೆರೆಯುತ್ತಿರುವ ಒಬ್ಬರು ಮನೆಗೇ ಬಂದು, ನಾನು ಅಂಗಡಿಗೆ ಕಾಲಿಡುವುದೇ ಬೇಡ, ಸರ್ಟಿಫಿಕೇಟ್ ಕೊಟ್ಟರೆ ಸಾಕು, ತಿಂಗಳು ತಿಂಗಳು ಹಣ ತಲುಪಿಸುತ್ತೇವೆ ಎಂದು ಹೇಳಿ ಹೋದರು. ಆ ಹಣವನ್ನೂ ತೆಗೆದುಕೊಂಡು, ಬೆಂಗಳೂರಿನ ಯಾವುದಾದರೂ ಔಷಧ ಕಂಪನಿಗೆ ಸೇರಿಬಿಡು ಎಂಬುದು ನನ್ನ ಜೊತೆ ಓದಿದ ಕೆಲವರ ಸಲಹೆ. ಮನೆಯಲ್ಲಿ ಓದಿನ ಸಾಲ ಇರುವುದರಿಂದ ತಂದೆಯವರು ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ.

ಕೌಂಟರಿನಲ್ಲಿ ನಿಂತು ಒಳ್ಳೆಯ ಫಾರ್ಮಸಿಸ್ಟ್ ಆಗುವುದು ಸಾಧ್ಯವೇ, ಆಗಬೇಕಾದರೆ ಮೊದಲ ವರ್ಷದಲ್ಲಿ ಏನನ್ನು ಕಲಿಯಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1 — ಮೆಡಿಕಲ್ ಶಾಪ್ ಮಾಲೀಕ ಮತ್ತು ಫಾರ್ಮಸಿಸ್ಟ್, ಶಿವಮೊಗ್ಗ ಜಿಲ್ಲೆ

ತಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಕೌಂಟರಿನ ಹಿಂದೆ ನಿಲ್ಲಲು ಆರಂಭಿಸಿ 26 ವರ್ಷಗಳಾದವು. ಸರ್ಟಿಫಿಕೇಟಿನ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಎಡವಿದರೆ ಉಳಿದ ಮಾತಿಗೆಲ್ಲ ಅರ್ಥವಿರುವುದಿಲ್ಲ.

ಅದನ್ನು ಬಾಡಿಗೆಗೆ ಕೊಡಬೇಡಿ. 1948ರ ಫಾರ್ಮಸಿ ಕಾಯ್ದೆಯ 42ನೆಯ ಕಲಮು ವೈದ್ಯರ ಚೀಟಿಯ ಮೇಲೆ ಔಷಧ ಕೊಡುವ ಅಧಿಕಾರವನ್ನು ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಮೀಸಲಿಟ್ಟಿದೆ. ನಿಮ್ಮ ಹೆಸರಿನಲ್ಲಿ ಲೈಸೆನ್ಸ್ ಪಡೆದ ಅಂಗಡಿಯಲ್ಲಿ ನೀವಿಲ್ಲದ ಹೊತ್ತಿನಲ್ಲಿ ಹತ್ತನೆಯ ತರಗತಿ ಓದಿದ ಹುಡುಗನೊಬ್ಬ ತಪ್ಪು ಔಷಧ ಕೊಟ್ಟು ಯಾರಿಗಾದರೂ ಜೀವಕ್ಕೆ ಕುತ್ತು ಬಂದರೆ, ಕಾಗದದ ಮೇಲೆ ಅದನ್ನು ಕೊಟ್ಟವರು ನೀವೇ ಆಗಿರುತ್ತೀರಿ. ಡ್ರಗ್ ಇನ್‌ಸ್ಪೆಕ್ಟರ್ ತಪಾಸಣೆಗೆ ಬಂದಾಗ ಕೇಳುವುದೂ ನಿಮ್ಮನ್ನೇ. ದುರ್ನಡತೆ ಸಾಬೀತಾದವರ ಹೆಸರನ್ನು ರಿಜಿಸ್ಟರಿನಿಂದ ತೆಗೆದುಹಾಕುವ ಅಧಿಕಾರ ರಾಜ್ಯ ಪರಿಷತ್ತಿಗೆ ಅದೇ ಕಾಯ್ದೆಯಲ್ಲಿದೆ. ಕಾನೂನಿನ ಮಾತು ಹಾಗಿರಲಿ, ನಮ್ಮ ಸಂಬಳ ಇಷ್ಟು ಕಡಿಮೆ ಇರುವುದಕ್ಕೂ ಈ ಬಾಡಿಗೆಯ ಪದ್ಧತಿಯೇ ಒಂದು ಕಾರಣವೆಂದು ನಾನು ನಂಬುತ್ತೇನೆ. ಮನುಷ್ಯ ಬಾರದೆ ಬರೀ ಕಾಗದ ಅಗ್ಗಕ್ಕೆ ಸಿಗುವಾಗ ಮನುಷ್ಯನಿಗೆ ಪೂರ್ತಿ ಸಂಬಳ ಕೊಡಲು ಯಾವ ಮಾಲೀಕ ಮುಂದೆ ಬರುತ್ತಾನೆ? ನಾನೂ ಮಾಲೀಕನೇ ಆದ್ದರಿಂದ ಈ ಮಾತನ್ನು ತಿಳಿದೇ ಹೇಳುತ್ತಿದ್ದೇನೆ. ತಂದೆಯವರಿಗೆ ಇದನ್ನು ಕುಳಿತು ವಿವರಿಸಿ. ಕಟ್ಟು ಹಾಕಿಸಿದವರು ಅವರು, ಖಂಡಿತ ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ಅಜ್ಜಿಯ ವಿಷಯ. ಆ ತಪ್ಪು ನಿಮ್ಮೊಬ್ಬರದಲ್ಲ, ನಮ್ಮಲ್ಲಿ ಅನೇಕರ ಅಂಗಡಿಗಳಲ್ಲಿ ಇದೇ ನಡೆದಿದೆ. ಕ್ಯಾಪ್ಸೂಲ್ ಎಂದರೆ ನುಂಗುವುದು ಎಂದೇ ಜನ ತಿಳಿದಿದ್ದಾರೆ. ಖಾಲಿ ಸಾಧನವೊಂದನ್ನು ಕೌಂಟರಿನ ಕೆಳಗೆ ಇಟ್ಟುಕೊಳ್ಳಿ. ಕ್ಯಾಪ್ಸೂಲಿನ ಪಾರದರ್ಶಕ ತುದಿ ಕೆಳಗೆ ಬರುವಂತೆ ಚೌಕದ ತೂತಿನಲ್ಲಿ ಇಳಿಸಿ, ಬುಡವನ್ನು ತಿರುಗಿಸಿ, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ತುಟಿಗಳ ನಡುವೆ ಬಿಗಿಯಾಗಿ ಹಿಡಿದು ಜೋರಾಗಿ ಒಳಗೆಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯುವುದನ್ನು ನೀವು ಒಂದು ಸಲ ತೋರಿಸಿ, ಆಮೇಲೆ ಅವರದೇ ಸಾಧನದಲ್ಲಿ ಅವರಿಂದ ಒಂದು ಸಲ ಮಾಡಿಸಿ. ಸ್ಟೀರಾಯ್ಡ್ ಇರುವ ಔಷಧವಾದರೆ ಬಾಯಿ ಮುಕ್ಕಳಿಸಿ ಉಗುಳಲು ಹೇಳಿ. ಇಷ್ಟಕ್ಕೆ ಎರಡೇ ನಿಮಿಷ ಸಾಕು. ತೋರಿಸುವುದಕ್ಕಿಂತ ಅವರಿಂದ ಮಾಡಿಸುವುದೇ ಮುಖ್ಯ. "ತಿಳಿಯಿತೇ" ಎಂದು ಕೇಳಿದರೆ ನಮ್ಮ ಜನ ಸಂಕೋಚಕ್ಕೆ ತಿಳಿಯಿತು ಎಂದೇ ಅನ್ನುತ್ತಾರೆ.

ಕೈಬರಹದ ಬಗ್ಗೆ ಕೇಳಿದ್ದೀರಿ. ನಿಮ್ಮ ಅಂಗಡಿಯ ಸಹಾಯಕರಿಂದ ಕಲಿಯುವುದು ಬೇಕಾದಷ್ಟಿದೆ, ಕಲಿಯಿರಿ. ಆದರೆ ಅವರು ಓದುವುದು ಅಭ್ಯಾಸದ ಬಲದಿಂದ, ಈ ವೈದ್ಯರು ಸಾಮಾನ್ಯವಾಗಿ ಬರೆಯುವುದು ಇದನ್ನೇ ಎಂಬ ಊಹೆಯಿಂದ. ವೈದ್ಯರು ಬೇರೆ ಔಷಧ ಬರೆದ ದಿನ ಆ ಊಹೆ ಕೈಕೊಡುತ್ತದೆ. ಯಾರಿಗೆ ಔಷಧ, ಏನು ತೊಂದರೆಗೆ ತೋರಿಸಿದಿರಿ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂಬ ಮೂರು ಪ್ರಶ್ನೆಗಳನ್ನು ಚೀಟಿ ಕೈಗೆ ಬಂದ ಕೂಡಲೇ ಕೇಳುವ ರೂಢಿ ಮಾಡಿಕೊಂಡರೆ, ಓದಲಾಗದ ಚೀಟಿಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಉಳಿದವಕ್ಕೆ ವೈದ್ಯರಿಗೆ ಫೋನು ಮಾಡಬೇಕು. "ಡಾಕ್ಟರೇ, ನಿಮ್ಮ ಅಕ್ಷರ ತಿಳಿಯುತ್ತಿಲ್ಲ" ಎನ್ನಬೇಡಿ. "ಇಂಥ ರೋಗಿಯ ಚೀಟಿ ಬಂದಿದೆ, ಎರಡನೆಯ ಔಷಧ ಇದೇ ತಾನೇ, ಖಚಿತಪಡಿಸಿಕೊಂಡು ಕೊಡುತ್ತೇನೆ" ಎನ್ನಿ. ಮೊದಲ ಒಂದೆರಡು ಸಲ ಗದರುವವರಿದ್ದಾರೆ. ಮೂರನೆಯ ಸಲ ಅವರೇ ರೋಗಿಯನ್ನು ನಿಮ್ಮ ಅಂಗಡಿಗೆ ಕಳಿಸುವುದನ್ನು ನಾನು ಕಂಡಿದ್ದೇನೆ.

ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ಅದು ನನ್ನ ಮೊದಲ ವರ್ಷ. ಮಗುವೊಂದಕ್ಕೆ ಜ್ವರದ ಪ್ಯಾರಾಸಿಟಮಾಲ್ ಸಿರಪ್, 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವುದನ್ನು ಕೊಡಬೇಕಾಗಿತ್ತು. ಅದೇ ಕಂಪನಿಯ, ಅದೇ ಬಣ್ಣದ, 250ರ ಬಾಟಲಿಯನ್ನು ಕೊಟ್ಟುಬಿಟ್ಟಿದ್ದೆ. ರಾತ್ರಿ ಒಂಬತ್ತಕ್ಕೆ ಷಟರ್ ಎಳೆಯುವ ಮುನ್ನ ರ‍್ಯಾಕ್ ನೋಡುವಾಗ 125ರ ಸಾಲಿನಲ್ಲಿ ಒಂದು ಹೆಚ್ಚು, 250ರ ಸಾಲಿನಲ್ಲಿ ಒಂದು ಕಡಿಮೆ ಇತ್ತು. ಮೊದಲು ವೈದ್ಯರಿಗೆ ತಿಳಿಸಿ, ಒಂಬತ್ತು ಕಿಲೋಮೀಟರ್ ದೂರದ ಆ ಹಳ್ಳಿಗೆ ಮಳೆಯಲ್ಲಿ ಬೈಕಿನಲ್ಲಿ ಹೋದೆ. ಒಂದೇ ಸಲ ಕುಡಿಸಿದ್ದರಿಂದ ಮಗುವಿಗೆ ಏನೂ ಆಗಿರಲಿಲ್ಲ. ತಾಯಿಯ ಎದುರು ತಪ್ಪನ್ನು ಒಪ್ಪಿಕೊಂಡು ಬಾಟಲಿ ಬದಲಿಸಿ ಬಂದೆ. ಆ ಮನೆಯವರು ಇಂದಿಗೂ ನಮ್ಮ ಅಂಗಡಿಗೇ ಬರುತ್ತಾರೆ. ಅಂದಿನಿಂದ ಆ ಎರಡು ಬಾಟಲಿಗಳು ನನ್ನಲ್ಲಿ ಒಂದೇ ಸಾಲಿನಲ್ಲಿ ನಿಂತಿಲ್ಲ. ಹಸುಗೂಸಿಗೆ ಕೊಡುವ ಡ್ರಾಪ್ಸ್ ಇನ್ನೂ ಗಾಢ, 1 ಮಿಲಿಯಲ್ಲೇ 100 ಮಿಲಿಗ್ರಾಂ ಇರುತ್ತದೆ. ಅದನ್ನು ಸಿರಪ್ಪಿನಂತೆ ಚಮಚದಲ್ಲಿ ಕುಡಿಸಿದರೆ ಏನಾಗುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ.

ಇನ್ಸುಲಿನ್ ಕೊಡುವಾಗಲೂ ಇದೇ ಎಚ್ಚರ ಬೇಕು. ನಮ್ಮಲ್ಲಿ ವಯಲ್ಲಿನ, ಅಂದರೆ ಸಣ್ಣ ಸೀಸೆಯ, ಇನ್ಸುಲಿನ್ ಬಹುಪಾಲು ಮಿಲಿಗೆ 40 ಯೂನಿಟ್‌ನದು, ಪೆನ್ನಿನ ಕಾರ್ಟ್ರಿಡ್ಜ್ 100 ಯೂನಿಟ್‌ನದು. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 40ರ ವಯಲ್ಲಿನಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 8 ಯೂನಿಟ್ ಮಾತ್ರ, ಸಕ್ಕರೆ ಏಕೆ ಇಳಿಯುತ್ತಿಲ್ಲವೆಂದು ವೈದ್ಯರು ತಲೆ ಕೆಡಿಸಿಕೊಳ್ಳುತ್ತಾರೆ. ಅದಲುಬದಲಾಗಿ 100ರದ್ದನ್ನು 40ರ ಸಿರಿಂಜಿನಲ್ಲಿ ಎಳೆದರೆ 20 ಹೋಗಬೇಕಾದಲ್ಲಿ 50 ಹೋಗುತ್ತದೆ, ಅದು ಪ್ರಾಣಕ್ಕೇ ಅಪಾಯ. "ಸಿರಿಂಜು ಕೊಡಿ" ಎಂದು ಯಾರಾದರೂ ಕೇಳಿದರೆ, ಯಾವ ಇನ್ಸುಲಿನ್‌ಗೆ ಎಂದು ಕೇಳದೆ ಕೊಡಬೇಡಿ.

ಕಾಗದಪತ್ರದ ಕೆಲಸವನ್ನು ಬೇಗ ಕಲಿತುಬಿಡಿ. ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡಬೇಕಾದ, 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಗಳಿಗೆ, ಅಂದರೆ ಸೆಫಿಕ್ಸಿಮ್, ಲಿವೋಫ್ಲಾಕ್ಸಸಿನ್, ಟ್ರಮಡಾಲ್, ಆಲ್ಪ್ರಜೋಲಾಮ್ ಮೊದಲಾದವಕ್ಕೆ, ಪ್ರತ್ಯೇಕ ರಿಜಿಸ್ಟರಿನಲ್ಲಿ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಕೊಟ್ಟ ಪ್ರಮಾಣ ಇಷ್ಟನ್ನೂ ಬರೆದು ಮೂರು ವರ್ಷ ಕಾಪಾಡಬೇಕು. ಇದನ್ನು ಸಂಜೆ ಒಟ್ಟಿಗೆ ಬರೆಯುತ್ತೇನೆ ಎಂದುಕೊಳ್ಳಬೇಡಿ, ಕೊಟ್ಟ ಕೂಡಲೇ ಬರೆಯಿರಿ. ಚೀಟಿಯಲ್ಲಿ ಶೆಡ್ಯೂಲ್ ಎಚ್, ಎಚ್1 ಅಥವಾ ಎಕ್ಸ್ ಔಷಧವಿದ್ದರೆ, ಅದರ ಬದಲು ಬೇರೆ ಬ್ರ್ಯಾಂಡನ್ನು ನಾವಾಗಿಯೇ ಕೊಡುವಂತಿಲ್ಲ ಎನ್ನುತ್ತದೆ ಔಷಧ ನಿಯಮಾವಳಿಯ ನಿಯಮ 65. ಅಂಗಡಿಯಲ್ಲಿ ಸ್ಟಾಕ್ ಇಲ್ಲದಾಗ "ಅದೇ ಕಂಟೆಂಟ್, ಇದು ತೆಗೆದುಕೊಳ್ಳಿ" ಎನ್ನುವುದು ಎಲ್ಲ ಕಡೆ ನಡೆಯುತ್ತದೆ. ನೀವು ವೈದ್ಯರಿಗೆ ಒಂದು ಫೋನು ಮಾಡಿ, ಅವರ ಒಪ್ಪಿಗೆ ಪಡೆದು, ಚೀಟಿಯ ಮೇಲೆ ಗುರುತು ಹಾಕಿ ಕೊಡಿ.

ಸಣ್ಣದೆಂದು ಕಾಣುವ ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ಅಚ್ಚಾಗಿರುವ ತುದಿಯನ್ನು ಕೊನೆಗೆ ಉಳಿಸಿಕೊಂಡು ಎದುರಿನ ತುದಿಯಿಂದ ಕತ್ತರಿಸಿ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಗುರುತೇ ಇಲ್ಲದ ನಾಲ್ಕು ಮಾತ್ರೆ ಡ್ರಾಯರಿನಲ್ಲಿ ಉಳಿದರೆ ಅವನ್ನು ಕಸಕ್ಕೆ ಹಾಕುವುದೊಂದೇ ದಾರಿ.

ಉತ್ತರ 2 — ಫಾರ್ಮಸಿ ಅಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಕೊಪ್ಪಳ ಜಿಲ್ಲೆ

ಮೇಲೆ ಬರೆದ ಹಿರಿಯರ ಮಾತಿಗೆ ನನ್ನ ಸಹಮತವಿದೆ. ನಾನು ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ ಓದಿದವನು. ನಮಗೆ ಎರಡು ವರ್ಷದ ಓದಿನ ನಂತರ 500 ಗಂಟೆಗಳ ತರಬೇತಿ ಕಡ್ಡಾಯವಾಗಿತ್ತು. ನಾನು ಅದನ್ನು ಜಿಲ್ಲಾ ಆಸ್ಪತ್ರೆಯ ಔಷಧ ವಿತರಣೆಯ ಕಿಟಕಿಯಲ್ಲಿ ಮುಗಿಸಿದೆ. ಹಾಗಿದ್ದೂ ಸರ್ಕಾರಿ ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ನನಗೆ ದೊಡ್ಡ ಪಾಠವಾಯಿತು.

ನಮ್ಮಲ್ಲಿ ಔಷಧಗಳನ್ನು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಉಗ್ರಾಣದಿಂದ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ ತರಿಸಿಕೊಳ್ಳಬೇಕು. ಹಿಂದಿನ ತಿಂಗಳುಗಳಲ್ಲಿ ಖರ್ಚಾದ ಲೆಕ್ಕವನ್ನು ನೋಡಿ ನಾನು ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ವಯಲ್ಲುಗಳನ್ನು ಕಡಿಮೆ ಕೇಳಿದ್ದೆ. ಬೇಸಿಗೆಯಲ್ಲಿ ಅದರ ಖರ್ಚು ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಮುಂಗಾರಿನ ಬಿತ್ತನೆ ಆರಂಭವಾದ ವಾರದಲ್ಲೇ ಹೊಲದಿಂದ ಇಬ್ಬರನ್ನು ಹೊತ್ತು ತಂದರು. ಒಬ್ಬ ರೋಗಿಗೆ ಮೊದಲ ಹಂತದಲ್ಲೇ 8ರಿಂದ 10 ವಯಲ್ ಬೇಕಾಗುತ್ತದೆ. ಒಬ್ಬರಿಗೆ ಇದ್ದದ್ದನ್ನು ಕೊಟ್ಟೆವು. ಇನ್ನೊಬ್ಬರನ್ನು ಆಂಬ್ಯುಲೆನ್ಸಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಅವರು ಬದುಕಿದರು. ಆದರೆ ಆ ಆಂಬ್ಯುಲೆನ್ಸ್ ಹೋದ ದಾರಿಯನ್ನು ನೋಡುತ್ತಾ ನಿಂತ ಅರ್ಧ ಗಂಟೆಯನ್ನು ನಾನು ಮರೆತಿಲ್ಲ. ಅಂದಿನಿಂದ ನಾನು ಇಂಡೆಂಟ್ ಹಾಕುವಾಗ ಹಿಂದಿನ ತಿಂಗಳ ಲೆಕ್ಕದ ಜೊತೆಗೆ ಹೊಲದಲ್ಲಿ ಏನು ನಡೆಯುತ್ತಿದೆ, ಊರಿನ ಜಾತ್ರೆ ಯಾವಾಗ, ನೀರಿನ ಟ್ಯಾಂಕು ತೊಳೆದು ಎಷ್ಟು ದಿನವಾಯಿತು ಎಂಬುದನ್ನೂ ನೋಡುತ್ತೇನೆ.

ವಾಂತಿಭೇದಿಗೆ ಕೊಡುವ ಓಆರ್‌ಎಸ್ ಪುಡಿಯ ಬಗ್ಗೆ ಒಂದು ಮಾತು. ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೆ ಒಂದೇ ಸಲ ಹಾಕಬೇಕು. ಜನ ಮಾತ್ರ ಲೋಟಕ್ಕೆ ಒಂದು ಚಮಚ ಹಾಕಿ ಉಳಿದದ್ದನ್ನು ಮಡಚಿಡುತ್ತಾರೆ. ನಾನು ಕಿಟಕಿಯ ಬಳಿ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಇಟ್ಟುಕೊಂಡಿದ್ದೇನೆ. ಪೊಟ್ಟಣ ಕೊಡುವಾಗ ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ತೋರಿಸುತ್ತೇನೆ. ಅಕ್ಷರ ಬಾರದವರೂ ಅಳತೆಯನ್ನು ಮರೆಯುವುದಿಲ್ಲ.

ಸರ್ಕಾರಿ ಕೆಲಸಕ್ಕೆ ಪ್ರಯತ್ನಿಸುವುದಾದರೆ ಅಧಿಸೂಚನೆ ಬಂದಾಗ ವಿದ್ಯಾರ್ಹತೆಯ ಭಾಗವನ್ನು ಗಮನವಿಟ್ಟು ಓದಿ. ಅಲ್ಲಿಯವರೆಗೆ ಕೌಂಟರನ್ನು ಬಿಡಬೇಡಿ.

ಉತ್ತರ 3 — ಆಸ್ಪತ್ರೆಯ ಕ್ಲಿನಿಕಲ್ ಫಾರ್ಮಸಿಸ್ಟ್, ಬೆಂಗಳೂರು

ನಾನು ಆರು ವರ್ಷದ ಫಾರ್ಮ್.ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಓದಿದವಳು. ಕೊನೆಯ ವರ್ಷ ಪೂರ್ತಿ ವಾರ್ಡಿನಲ್ಲೇ ಇದ್ದೆ. ಆದ್ದರಿಂದ ನನಗೆ ಎಲ್ಲವೂ ಸುಲಭವಾಗಿರಬೇಕು ಎಂದು ನೀವು ಭಾವಿಸಬಹುದು, ಆದರೆ ಹಾಗಾಗಲಿಲ್ಲ. ಇಂಟರ್ನ್ ಆಗಿರುವಾಗ ನಮ್ಮ ಹಿಂದೆ ಅಧ್ಯಾಪಕರು ಇರುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರ, ನನ್ನ ಸಹಿಯ ಕೆಳಗೆ ಬೇರೆ ಯಾರ ಸಹಿಯೂ ಬೀಳುವುದಿಲ್ಲ ಎಂಬುದು ಅರಿವಾದಾಗ ಕೈ ನಡುಗಿತ್ತು.

ಒಂದು ಸಂಜೆ ಕೀಲುವಾತದ ರೋಗಿಯೊಬ್ಬರ ಡಿಸ್ಚಾರ್ಜ್ ಚೀಟಿ ಬಂತು. ಅದರಲ್ಲಿ ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ ಎಂದು ಬರೆದು ಮುಂದೆ 1-0-0, ಅಂದರೆ ದಿನವೂ ಬೆಳಿಗ್ಗೆ ಒಂದು, ಎಂದಿತ್ತು. ಈ ಔಷಧವನ್ನು ಕೀಲುವಾತಕ್ಕೆ ವಾರಕ್ಕೆ ಒಂದೇ ದಿನ ಕೊಡುವುದು. ದಿನವೂ ತೆಗೆದುಕೊಂಡರೆ ಬಾಯಿ ತುಂಬ ಹುಣ್ಣಾಗಿ, ರಕ್ತಕಣಗಳು ಕುಸಿದು, ಜೀವವೇ ಹೋಗಬಹುದು. ಬರೆದವರು ರಾತ್ರಿ ಪಾಳಿ ಮುಗಿಸಿ ದಣಿದಿದ್ದ ಕಿರಿಯ ವೈದ್ಯರು, ಅಭ್ಯಾಸಬಲದಿಂದ 1-0-0 ಎಂದು ಬರೆದಿದ್ದರು. ನನಗೆ ವಿಷಯ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಫೋನು ಎತ್ತಿಕೊಳ್ಳಲು ಐದು ನಿಮಿಷ ಹಿಡಿಯಿತು. ತಪ್ಪು ನನ್ನದೇ ಆಗಿದ್ದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕು. ಕೊನೆಗೆ ಕೇಳಿದೆ. ಆ ವೈದ್ಯರು ಒಂದು ಕ್ಷಣ ಮಾತೇ ಆಡಲಿಲ್ಲ, ಆಮೇಲೆ ಕೆಳಗಿಳಿದು ಬಂದು ತಾವೇ ತಿದ್ದಿದರು. ನಾವಿಬ್ಬರೂ ಸೇರಿ "ಪ್ರತಿ ಭಾನುವಾರ ಮಾತ್ರ" ಎಂದು ಕನ್ನಡದಲ್ಲಿ ಬರೆದೆವು. ಅದರ ಜೊತೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯೂ ಅದೇ ರೀತಿಯ ಚಿಕ್ಕ ಹಳದಿ ಮಾತ್ರೆಯಾದ್ದರಿಂದ, ಎರಡನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ, ರೋಗಿಯ ಮಗಳಿಗೆ ಬಿಡಿಸಿ ಹೇಳಿ ಕಳಿಸಿದೆ.

ನಿಮಗೆ ನಾನು ಹೇಳಬೇಕಾದದ್ದು ಇಷ್ಟೇ: ನೀವು ಓದಿದ್ದು ಯಾವುದೂ ವ್ಯರ್ಥವಾಗಿಲ್ಲ. ಆ ಸಹಾಯಕರಿಗೆ ಕೈಬರಹ ತಿಳಿಯುತ್ತದೆ, ಆದರೆ ಈ ಔಷಧ ದಿನಕ್ಕೊಂದಲ್ಲ ಎಂದು ನಿಲ್ಲಿಸುವುದು ನಿಮಗೆ ತಿಳಿಯುತ್ತದೆ. ಗಿರಾಕಿಗಳ ಎದುರು ಅನುಮಾನಪಟ್ಟು ನಿಲ್ಲುತ್ತೇನೆ ಎಂದು ನಾಚಿಕೆಯಿಂದ ಬರೆದಿದ್ದೀರಿ. ಆ ನಿಲ್ಲುವಿಕೆಯೇ ನಿಮ್ಮ ಕೆಲಸದ ದೊಡ್ಡ ಭಾಗ. ನಿಂತ ಮೇಲೆ ಏನು ಮಾಡಬೇಕು ಎಂಬುದನ್ನು ಮಾತ್ರ ಇನ್ನು ಕಲಿಯಬೇಕು. ಒಂದು ಚಿಕ್ಕ ನೋಟುಪುಸ್ತಕವನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡು, ದಿನದಲ್ಲಿ ಉತ್ತರ ತಿಳಿಯದ ಪ್ರಶ್ನೆಗಳನ್ನು ಬರೆದಿಟ್ಟು, ರಾತ್ರಿ ಅವನ್ನು ಪುಸ್ತಕದಲ್ಲಿ ಹುಡುಕಿ. ನನ್ನ ಮೊದಲ ವರ್ಷದಲ್ಲಿ ಅಂಥ ಮೂರು ಪುಸ್ತಕಗಳು ತುಂಬಿದವು.

ಔಷಧದಿಂದ ಯಾರಿಗಾದರೂ ಅಡ್ಡಪರಿಣಾಮ ಆದುದು ಕಂಡರೆ, ಭಾರತದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ಕರೆ ಮಾಡಿ ತಿಳಿಸಬಹುದು. ಅದು ದೊಡ್ಡ ಆಸ್ಪತ್ರೆಯವರ ಕೆಲಸ ಎಂದು ಅಂಗಡಿಯವರು ಸುಮ್ಮನಿರುತ್ತಾರೆ. ಮೈಮೇಲೆ ಗಂದೆ ಎದ್ದವರು ಮೊದಲು ಬರುವುದು ನಿಮ್ಮ ಅಂಗಡಿಗೇ ಅಲ್ಲವೇ?

ಉತ್ತರ 4 — ಗುಣಮಟ್ಟ ಖಾತರಿ ವಿಭಾಗ, ಔಷಧ ಕಾರ್ಖಾನೆ, ಬೆಂಗಳೂರು ಗ್ರಾಮಾಂತರ

ಕಂಪನಿಗೆ ಸೇರುವುದರ ಬಗ್ಗೆ ಮಾತ್ರ ಎರಡು ಸಾಲು. ನನಗೆ ಈ ಕೆಲಸ ಇಷ್ಟ. ಬರೆಯದಿದ್ದರೆ ಮಾಡಿಲ್ಲವೆಂದೇ ಲೆಕ್ಕ ಎಂಬ ಶಿಸ್ತನ್ನು ಇಲ್ಲಿ ಕಲಿತೆ. ಒಂದು ಬ್ಯಾಚಿನ ದಾಖಲೆಯಲ್ಲಿ ಒಂದು ಸಹಿ ತಪ್ಪಿದರೂ ಲಕ್ಷಾಂತರ ಮಾತ್ರೆಗಳು ಉಗ್ರಾಣದಿಂದ ಹೊರಗೆ ಹೋಗುವುದಿಲ್ಲ. ಆದರೆ ಐದು ವರ್ಷದಲ್ಲಿ ನಾನು ಒಬ್ಬ ರೋಗಿಯ ಮುಖವನ್ನೂ ನೋಡಿಲ್ಲ. ನೀವು ಬರೆದಿರುವ ರೀತಿಯನ್ನು ನೋಡಿದರೆ ಅಜ್ಜಿಯ ಮುಖ ನಿಮ್ಮ ಮನಸ್ಸಿನಲ್ಲಿ ನಿಂತಿದೆ. ಕಾರ್ಖಾನೆಗೆ ಬರುವುದಾದರೆ ಇಲ್ಲಿನ ಕೆಲಸದ ಮೇಲಿನ ಆಸೆಯಿಂದ ಬನ್ನಿ, ಕೌಂಟರಿನ ಅಂಜಿಕೆಯಿಂದ ಬರಬೇಡಿ. ಇಲ್ಲಿದ್ದುಕೊಂಡು ಬೇರೆ ಊರಿನ ಅಂಗಡಿಗೆ ಸರ್ಟಿಫಿಕೇಟ್ ಕೊಡುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರದ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಸರ್ಟಿಫಿಕೇಟ್ ಕೇಳಿದವರಿಗೆ ಆಗುವುದಿಲ್ಲವೆಂದು ಹೇಳಿ ಕಳಿಸಿದೆ. ತಂದೆಯವರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಬಂದವರು ಎದ್ದು ಹೋದ ಮೇಲೆ, ಸಾಲವನ್ನು ನಿಧಾನವಾಗಿ ತೀರಿಸೋಣ ಎಂದಷ್ಟೇ ಹೇಳಿದರು.

ಜೇಬಿನ ಪುಸ್ತಕದಲ್ಲಿ ಈಗಾಗಲೇ ನಲವತ್ತೊಂದು ಪ್ರಶ್ನೆಗಳಾಗಿವೆ. ವೈದ್ಯರಿಗೆ ಮೂರು ಸಲ ಫೋನು ಮಾಡಿದೆ. ಒಬ್ಬರು ಸಿಡುಕಿದರು, ಇಬ್ಬರು ಸಮಾಧಾನವಾಗಿ ಹೇಳಿದರು. ಅಜ್ಜಿ ಮೊನ್ನೆ ಬಂದಿದ್ದರು. ಸಾಧನವನ್ನು ಅವರ ಕೈಯಿಂದಲೇ ತಿರುಗಿಸಲು ಹೇಳಿದೆ. ಬೆರಳಿಗೆ ಸಂಧಿವಾತವಿರುವುದರಿಂದ ಬುಡ ತಿರುಗಿಸಲು ಅವರಿಗೆ ಆಗುತ್ತಿರಲಿಲ್ಲ ಎಂಬುದು ಆಗ ತಿಳಿಯಿತು, ಈಗ ಮೊಮ್ಮಗನಿಗೂ ಕಲಿಸಿಕೊಟ್ಟಿದ್ದೇನೆ. ರಾತ್ರಿ ಎದ್ದು ಕೂರುವುದು ತಪ್ಪಿದೆಯಂತೆ.

ಈಗ ಉಳಿದಿರುವುದು ಒಂದೇ ಕಷ್ಟ. ಸಂಜೆ ಆರರಿಂದ ಎಂಟರವರೆಗೆ ಅಂಗಡಿಯ ಮುಂದೆ ಜನ ತುಂಬಿರುತ್ತಾರೆ. ಒಬ್ಬರಿಗೇ ಎರಡು ನಿಮಿಷ ಕೊಟ್ಟರೆ ಹಿಂದಿನವರು ಬೇರೆ ಅಂಗಡಿಗೆ ಹೋಗುತ್ತಾರೆ ಎಂದು ಮಾಲೀಕರು ಬೇಸರಪಡುತ್ತಾರೆ. ಅವರ ಮಾತಿನಲ್ಲೂ ನ್ಯಾಯವಿದೆ. ಶಿವಮೊಗ್ಗದ ಹಿರಿಯರು ಇದಕ್ಕೇನಾದರೂ ದಾರಿ ಹೇಳಬೇಕು.

ಉತ್ತರ 1 ಬರೆದವರ ಮರುಮಾತು

ಬೆರಳಿನ ವಿಷಯವನ್ನು ನೀವು ಕಂಡುಕೊಂಡದ್ದು ನನಗೆ ಬಹಳ ಸಂತೋಷ ತಂದಿತು. 26 ವರ್ಷದಲ್ಲಿ ನನಗೂ ಅದು ಹೊಳೆದಿರಲಿಲ್ಲ. ನಾಳೆಯಿಂದ ನಾನೂ ಕೇಳುತ್ತೇನೆ.

ಸಂಜೆಯ ನೂಕುನುಗ್ಗಲಿನಲ್ಲಿ ಎಲ್ಲರಿಗೂ ಎರಡು ನಿಮಿಷ ಕೊಡಲು ನನ್ನಿಂದಲೂ ಆಗುವುದಿಲ್ಲ. ಹಳೆಯ ಬಿಪಿ, ಸಕ್ಕರೆ ಮಾತ್ರೆಯನ್ನೇ ತಿಂಗಳು ತಿಂಗಳು ಒಯ್ಯುವವರಿಗೆ ಒಂದೇ ಮಾತು ಸಾಕು. ಮೊದಲ ಸಲ ಇನ್ಸುಲಿನ್ ಅಥವಾ ಇನ್ಹೇಲರ್ ಒಯ್ಯುವವರು, ಬಸುರಿಯರು, ಮಗುವಿನ ಸಿರಪ್ ಒಯ್ಯುವವರು ಬಂದರೆ ಮಾತ್ರ "ಐದು ನಿಮಿಷ ಆ ಬೆಂಚಿನ ಮೇಲೆ ಕುಳಿತಿರಿ, ನಿಮ್ಮ ಹತ್ತಿರ ಮಾತನಾಡುವುದಿದೆ" ಎಂದು ಹೇಳಿ, ಮುಂದಿನವರ ಬಿಲ್ಲು ಮುಗಿಸಿಕೊಂಡು ಅವರ ಬಳಿಗೆ ಹೋಗುತ್ತೇನೆ. ಅದಕ್ಕಾಗಿಯೇ ಅಂಗಡಿಯ ಪಕ್ಕದಲ್ಲಿ ಹಳೆಯ ಮರದ ಬೆಂಚೊಂದನ್ನು ಹಾಕಿಸಿದ್ದೇನೆ. ಕವರಿನ ಮೇಲೆ ಬೆಳಿಗ್ಗೆಗೆ ಸೂರ್ಯನ ಚಿತ್ರ, ರಾತ್ರಿಗೆ ಚಂದ್ರನ ಚಿತ್ರ ಇರುವ ರಬ್ಬರ್ ಮೊಹರುಗಳನ್ನು ಮಾಡಿಸಿಕೊಂಡರೆ ಬರೆಯುವ ಸಮಯವೂ ಉಳಿಯುತ್ತದೆ, ಓದು ಬಾರದವರಿಗೂ ಅನುಕೂಲ. ನಿಮ್ಮ ಮಾಲೀಕರಿಗೆ ಬೆಂಚಿನ ವಿಷಯ ಹೇಳಿ ನೋಡಿ. ಒಪ್ಪದಿದ್ದರೆ ಎರಡು ಪ್ಲಾಸ್ಟಿಕ್ ಸ್ಟೂಲು ಇಟ್ಟರೂ ನಡೆಯುತ್ತದೆ.